ಅರ್ಧ ಕಟ್, ಅರ್ಧ ಪೇಸ್ಟ್: ಉಡುಪಿಯ ಒಂದು ಡಿಟಿಪಿ ಅಂಗಡಿಯ ಹಾರ್ಡ್ ಡಿಸ್ಕ್ ಪ್ರಕರಣ

ಉಡುಪಿಯ ರಥಬೀದಿಯಿಂದ ಸ್ವಲ್ಪ ಒಳಗೆ, ಒಂದು ಸಣ್ಣ ಓಣಿಯಲ್ಲಿ, ಅಕ್ಕ ಒಬ್ಬರು ನಡೆಸುವ ಡಿಟಿಪಿ ಅಂಗಡಿ ಇದೆ. ಒಂದು ಹಳೆ ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್, ಒಂದು ಸ್ಕ್ಯಾನರ್, ಗೋಡೆ ತುಂಬ ಮಾದರಿ ಕಾರ್ಡುಗಳು. ಮದುವೆ ಕಾಗದ, ಹರಕೆ ಬಯಲಾಟದ ಕರಪತ್ರ, ನೇಮದ ಆಮಂತ್ರಣ, ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆ, ಸಹಕಾರಿ ಸಂಘದ ವಾರ್ಷಿಕ ವರದಿ, ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯ ಬಂದಾಗ ಅಭಿನಂದನೆಯ ಜಾಹೀರಾತುಗಳು. ಇಷ್ಟು ವರ್ಷ ಮಾಡಿದ ಈ ಕೆಲಸವೆಲ್ಲ ಒಂದೇ ಒಂದು 500 ಜಿಬಿ ಹಾರ್ಡ್ ಡಿಸ್ಕಿನಲ್ಲಿತ್ತು. ಬೇರೆ ಪ್ರತಿ ಎಲ್ಲೂ ಇರಲಿಲ್ಲ.

ಇಂಥ ಅಂಗಡಿಯಲ್ಲಿ ಹಳೆ ಫೈಲೇ ಮುಂದಿನ ವರ್ಷದ ದುಡಿಮೆ. ದೇವಸ್ಥಾನದವರು ಬರುತ್ತಾರೆ, "ಹೋದ ವರ್ಷದ್ದೇ ಇರಲಿ ಅಕ್ಕ, ತಾರೀಕು ಮಾತ್ರ ಬದಲಿಸಿ" ಎನ್ನುತ್ತಾರೆ. ಆ ಫೈಲು ತೆರೆದರೆ ಹತ್ತು ನಿಮಿಷದ ಕೆಲಸ. ತೆರೆಯದಿದ್ದರೆ ಇಡೀ ದಿನ ಕೂತು ಮತ್ತೆ ಟೈಪ್ ಮಾಡಬೇಕು, ಹೆಸರುಗಳ ಪಟ್ಟಿಯನ್ನು ಮತ್ತೆ ಒಂದೊಂದೇ ತಿದ್ದಬೇಕು.

ಸೀಸನ್ ನಡುವೆಯೇ ಕಂಪ್ಯೂಟರ್ ನಿಧಾನ ಆಗಿತ್ತು. ಕೆಲವು ಫೈಲು ತೆರೆಯುವಾಗ ಪರದೆ ಅಲ್ಲಾಡದೆ ನಿಲ್ಲುತ್ತಿತ್ತು, ಒಂದೆರಡು ನಿಮಿಷ ಬಿಟ್ಟು ಸರಿಹೋಗುತ್ತಿತ್ತು. ಮದುವೆ, ನೇಮ, ಆಟ ಎಲ್ಲ ಒಟ್ಟಿಗೆ ಇರುವ ತಿಂಗಳುಗಳಲ್ಲಿ ಅಂಗಡಿ ನಿಲ್ಲಿಸುವ ಹಾಗಿಲ್ಲ. ಸೀಸನ್ ಮುಗಿಯುವ ದಿನವಾದ ಮೇ ಕೊನೆಯ ಪತ್ತನಾಜೆ ಕಳೆಯಲಿ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಲಿ, ಆಮೇಲೆ ನೋಡಿದರಾಯ್ತು ಅಂತ ಅಕ್ಕ ತಳ್ಳಿಕೊಂಡು ಬಂದರು. ಜೂನ್ ಮಳೆ ಹಿಡಿಯಿತು. ಅವರ ತಮ್ಮನ ಮಗ ಹೊಸ 1 ಟಿಬಿ ಎಸ್‌ಎಸ್‌ಡಿ ತಂದು, ಯುಎಸ್‌ಬಿ ಕೇಬಲ್ಲಿನಲ್ಲಿ ಜೋಡಿಸಿ, ಡಿ ಡ್ರೈವಿನಲ್ಲಿದ್ದ ಕೆಲಸದ ಫೋಲ್ಡರುಗಳನ್ನೆಲ್ಲ ಆರಿಸಿ, ಕಟ್ ಮಾಡಿ, ಪೇಸ್ಟ್ ಮಾಡಿದ. ಕಾಪಿ ಅಲ್ಲ, ಕಟ್. ಅರ್ಧಕ್ಕೆ ಬಂದಾಗ ಹಸಿರು ಪಟ್ಟಿ ನಿಂತಿತು. ತುಂಬ ಹೊತ್ತು ಕಾದು, ಕೊನೆಗೆ ಪವರ್ ಬಟನ್ ಒತ್ತಿ ಹಿಡಿದ.

ಅಕ್ಕ ಫೋನ್ ಮಾಡಿದರು. "ಮಾರಾಯ್ರೆ, ಅರ್ಧ ಇಲ್ಲಿ ಉಂಟು, ಅರ್ಧ ಅಲ್ಲಿ ಉಂಟು. ಎಂತ ಮಾಡುದು ಈಗ?"

"ಎಂತದೂ ಮಾಡ್ಬೇಡಿ ಅಕ್ಕ. ಸ್ವಿಚ್ ಆಫ್ ಮಾಡಿ ಇಡಿ. ನಾನೇ ಬರ್ತೇನೆ."

ನಾನು ಈ ಊರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಡೇಟಾ ಸಾಗಿಸುವ ಕೆಲಸ ಬೇಕಾದಷ್ಟು ಬರುತ್ತದೆ, ಜಾಸ್ತಿ ಪಾಲು ಬರೆಯುವಂಥದ್ದೇನೂ ಅಲ್ಲ. ಇದನ್ನು ಪೂರ್ತಿ ಬರೆಯುತ್ತಿರುವುದಕ್ಕೆ ಕಾರಣ ಇದೆ. ಕೆಟ್ಟ ಡಿಸ್ಕು, ಅರ್ಧಕ್ಕೆ ನಿಂತ ಕಟ್-ಪೇಸ್ಟ್, ಸಿಡಿ ಕಳೆದುಹೋದ ಹಳೆ ಸಾಫ್ಟ್‌ವೇರ್, ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಕನ್ನಡ ಫಾಂಟುಗಳು ಎಲ್ಲ ಇಲ್ಲಿ ಒಟ್ಟಿಗೆ ಬಂದವು. ಎಷ್ಟು ಜಿಬಿ ಹೋಯಿತು ಎಂಬ ಲೆಕ್ಕ ಇಲ್ಲಿ ಸಾಲದು. ಯಾವ ವರ್ಷದ ಫೈಲಾದರೂ ಸರಿ, ಅಕ್ಕ ತೆರೆದು, ತಾರೀಕು ಬದಲಿಸಿ, ಪ್ರಿಂಟ್ ತೆಗೆಯುವ ಹಾಗಿರಬೇಕು. ಮುಂದಿನ ಒಂದೊಂದು ತೀರ್ಮಾನವೂ ಇದನ್ನು ನೋಡಿಕೊಂಡೇ ಮಾಡಿದ್ದು.

ಮೊದಲು ಮಾಡದೆ ಬಿಟ್ಟ ಕೆಲಸಗಳು

ಆ ಕಂಪ್ಯೂಟರನ್ನು ನಾನು ಆನ್ ಮಾಡಲೇ ಇಲ್ಲ. ವಿಂಡೋಸ್ 7 ಸರಿಯಾಗಿ ಶಟ್‌ಡೌನ್ ಆಗದಿದ್ದರೆ ಮುಂದಿನ ಸಲ ಆನ್ ಮಾಡುವಾಗ ತಾನೇ ಡಿಸ್ಕ್ ತಪಾಸಣೆ ಶುರು ಮಾಡಬಹುದು. ಕೆಲವು ಸೆಕೆಂಡಿನೊಳಗೆ ಯಾವುದಾದರೂ ಕೀ ಒತ್ತಿದರೆ ಮಾತ್ರ ಅದು ನಿಲ್ಲುತ್ತದೆ. ಅದರ ಹೆಸರು ಚೆಕ್‌ಡಿಸ್ಕ್. ಆರೋಗ್ಯವಾಗಿರುವ ಡಿಸ್ಕಿಗೆ ಒಳ್ಳೆಯದೇ. ಸಾಯುತ್ತಿರುವ ಡಿಸ್ಕಿನಲ್ಲಿ ಓದಲಾಗದ ಜಾಗವನ್ನು ಅದು ಮತ್ತೆ ಮತ್ತೆ ಕೆದಕುತ್ತದೆ, ಫೈಲುಗಳ ಪಟ್ಟಿಯನ್ನು ತನಗೆ ತೋಚಿದಂತೆ ತಿದ್ದಿ ಅದೇ ಡಿಸ್ಕಿನ ಮೇಲೆ ಬರೆಯುತ್ತದೆ. ಆಮೇಲೆ "ಫೌಂಡ್ ಡಾಟ್ 000" ಅಂತ ಒಂದು ಫೋಲ್ಡರ್, ಅದರ ತುಂಬ ಹೆಸರಿಲ್ಲದ ತುಂಡುಗಳು. ಅದರಲ್ಲಿ ಯಾವುದು ಯಾರ ಮದುವೆ ಕಾಗದ ಅಂತ ಹೇಗೆ ಗುರುತಿಸುವುದು?

ಡಿಸ್ಕನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆ ಅಂತ ಅಕ್ಕನಿಗೆ ಯಾರೋ ಹೇಳಿದ್ದರಂತೆ. ಬೇಡವೇ ಬೇಡ. ಡಿಸ್ಕಿನ ಒಳಗೆ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ, ಓದುವ ಹೆಡ್ ಅವುಗಳ ಮೇಲೆ ಕೆಲವೇ ನ್ಯಾನೋಮೀಟರ್ ಅಂತರದಲ್ಲಿ ತೇಲುತ್ತದೆ. ಜೂನ್ ತಿಂಗಳ ಉಡುಪಿಯಲ್ಲಿ ಫ್ರಿಜ್‌ನಿಂದ ಹೊರಗೆ ತೆಗೆದ ಯಾವ ಲೋಹದ ಮೇಲೂ ಕ್ಷಣದಲ್ಲಿ ನೀರು ಕಟ್ಟುತ್ತದೆ. ಅದೇ ನೀರು ತಟ್ಟೆಯ ಮೇಲೆ ಕಟ್ಟಿದರೆ ಡಿಸ್ಕಿನ ಕಥೆ ಅಲ್ಲಿಗೆ ಮುಗಿಯಿತು. ಮುಚ್ಚಳ ಬಿಚ್ಚುವುದೂ ಹಾಗೆಯೇ, ಧೂಳಿಲ್ಲದ ವಿಶೇಷ ಕೋಣೆ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬಾರದು.

ಕಟಕಟ ಎಂದು ತಾಳ ಹಾಕಿದ ಹಾಗೆ ಸದ್ದು ಬರುತ್ತಿದ್ದರೆ ನಾನು ಇದನ್ನು ಮುಟ್ಟದೆ ಡೇಟಾ ರಿಕವರಿ ಲ್ಯಾಬಿಗೆ ಕಳಿಸಲು ಹೇಳುತ್ತಿದ್ದೆ. ಅಂಥ ಸದ್ದು ಬಂದರೆ ಹೆಡ್ಡಿಗೇ ಪೆಟ್ಟಾಗಿರುವ ಸಾಧ್ಯತೆ ಜಾಸ್ತಿ. ಆಗ ಡಿಸ್ಕ್ ಆನ್ ಆಗಿದ್ದಷ್ಟು ಹೊತ್ತೂ ನಷ್ಟವೇ. ಹುಡುಗನನ್ನು ವಿಚಾರಿಸಿದೆ. ಸದ್ದು ಏನೂ ಇರಲಿಲ್ಲ, ಬರೀ ನಿಧಾನ ಅಷ್ಟೆ ಅಂದ.

ಅವನ ಮೊಬೈಲಿನಲ್ಲಿ ಒಂದು ಫೋಟೋ ಇತ್ತು. ಕಟ್ ಮಾಡುವ ಮೊದಲು ಡಿಸ್ಕಿನ ಆರೋಗ್ಯ ತೋರಿಸುವ ತಂತ್ರಾಂಶ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿದ್ದ. ಹಳದಿ ಬಣ್ಣ ಬಂದಿತ್ತು, ಎಚ್ಚರಿಕೆ ಅಂತ. ಸಿ5 ಎಂಬ ಸಾಲಿನಲ್ಲಿ ಸೊನ್ನೆಗಳ ಸಾಲು ಮುಗಿದು ಕೊನೆಗೆ "1ಎ" ಅಂತಿತ್ತು. ಅವನು ಅದನ್ನು ಒಂದು ಎಂದು ಓದಿಕೊಂಡಿದ್ದ. ಆ ತಂತ್ರಾಂಶ ಅಂಕಿಗಳನ್ನು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ, ನಾವು ಬದಲಿಸದಿದ್ದರೆ. 1ಎ ಅಂದರೆ 26. ಸಿ5 ಎಂದರೆ ಓದಲು ಹೋಗಿ ಸೋತು, ಇನ್ನೂ ತೀರ್ಮಾನವಾಗದೆ ಕಾಯುತ್ತಿರುವ ಸೆಕ್ಟರುಗಳ, ಅಂದರೆ ಡಿಸ್ಕಿನಲ್ಲಿ ಡೇಟಾ ಇಡುವ ಪುಟ್ಟ ತುಂಡು ಜಾಗಗಳ, ಸಂಖ್ಯೆ. 05 ಎಂದರೆ ಕೆಟ್ಟಿದೆ ಎಂದು ಒಪ್ಪಿ, ಬದಲಿ ಜಾಗ ಕೊಟ್ಟಾಗಿರುವ ಸೆಕ್ಟರುಗಳು. ಸಿ7 ಕೇಬಲ್ಲಿನ ದೋಷ ತೋರಿಸುತ್ತದೆ, ಇಲ್ಲಿ ಅದು ಸೊನ್ನೆ ಇತ್ತು. ಹಾಗಾಗಿ ಕೇಬಲ್ ಬದಲಿಸಿದರೆ ಸರಿಹೋಗುವ ಪ್ರಕರಣ ಇದಲ್ಲ. ನನ್ನ ಮೇಜಿಗೆ ತಂದು ನೋಡುವಷ್ಟರಲ್ಲಿ ಸಿ5 40 ದಾಟಿತ್ತು. ಡಿಸ್ಕು ದಿನದಿಂದ ದಿನಕ್ಕೆ ಕೆಡುತ್ತಿದೆ ಅಂತ ಖಚಿತವಾಯಿತು.

ಹೊಸ ಡಿಸ್ಕೇ ಮೊದಲ ಚಿಂತೆ

ಜನ ಹಳೆ ಡಿಸ್ಕಿನ ಬಗ್ಗೆಯೇ ಹೆದರುತ್ತಾರೆ. ಇಲ್ಲಿ ಹೊಸದರ ಬಗ್ಗೆ ಮೊದಲು ಹೆದರಬೇಕಿತ್ತು. ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಕಟ್-ಪೇಸ್ಟ್ ಮಾಡಿದರೆ ವಿಂಡೋಸ್ ಫೈಲನ್ನು ಅಲ್ಲಿ ಬರೆದು ಇಲ್ಲಿ ಅಳಿಸುತ್ತಾ ಹೋಗುತ್ತದೆ. ಅಂದರೆ ಆಗಲೇ ದಾಟಿದ ಫೈಲುಗಳು ಹೊಸ ಎಸ್‌ಎಸ್‌ಡಿಯಲ್ಲಿ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ನಾನು ಬಂದ ತಕ್ಷಣ ಹಳೆಯದನ್ನು ಹೊಸದಕ್ಕೆ ಕ್ಲೋನ್ ಮಾಡಲು ಕೂತಿದ್ದರೆ? ಕ್ಲೋನ್ ಎಂದರೆ ಹಳೆ ಡಿಸ್ಕಿನ ಪಡಿಯಚ್ಚನ್ನು ಹೊಸದರಲ್ಲಿ ಇದ್ದುದರ ಮೇಲೆಯೇ ಪೂರ್ತಿ ಬರೆಯುವುದು. ಆ ಅರ್ಧ ಅಲ್ಲಿಗೆ ಹೋಯಿತು.

ಹಾಗಾಗಿ ಮೊದಲು ಮೂರನೆಯ ಡಿಸ್ಕು, ನನ್ನದೇ ಒಂದು 2 ಟಿಬಿಯದ್ದು. ಎಸ್‌ಎಸ್‌ಡಿಯಲ್ಲಿದ್ದುದನ್ನೆಲ್ಲ ಅದಕ್ಕೆ ಕಾಪಿ ಮಾಡಿ, ಎರಡೂ ಕಡೆಯ ಪ್ರತಿ ಫೈಲಿನ ಎಸ್‌ಎಚ್‌ಎ-256 ಹ್ಯಾಶ್ ತೆಗೆದು ಹೋಲಿಸಿದೆ. ಹ್ಯಾಶ್ ಎಂದರೆ ಫೈಲಿನ ಒಳಗಿನ ಪ್ರತಿ ಬೈಟ್ ಲೆಕ್ಕ ಹಾಕಿ ಬರುವ 64 ಅಕ್ಷರದ ಗುರುತು. ಒಂದೇ ಒಂದು ಬಿಟ್ ಬದಲಾದರೂ ಅದು ಪೂರ್ತಿ ಬೇರೆಯಾಗುತ್ತದೆ. ಫೈಲಿನ ಗಾತ್ರ ಒಂದೇ ಇದ್ದರೆ ಸಾಕು ಎನ್ನುವವರಿದ್ದಾರೆ. ಸಾಲದು, ಯಾಕೆ ಅಂತ ಮುಂದೆ ಬರುತ್ತದೆ.

ಕ್ಲೋನೋ, ಕಾಪಿಯೋ?

ಸಾಮಾನ್ಯವಾಗಿ ನಾನು ಹೊಸ ಡಿಸ್ಕಿಗೆ ಹೊಸದಾಗಿ ವಿಂಡೋಸ್ ಹಾಕಿ, ಬೇಕಾದ ಫೈಲು ಮಾತ್ರ ಕಾಪಿ ಮಾಡುವವನು. ಹಳೆ ಕಸ ಬರುವುದಿಲ್ಲ, ಕಂಪ್ಯೂಟರ್ ಚುರುಕಾಗಿರುತ್ತದೆ. ಇಲ್ಲಿ ಮಾತ್ರ ಇಡೀ ಡಿಸ್ಕನ್ನೇ ಸೆಕ್ಟರಿಗೆ ಸೆಕ್ಟರ್ ಎತ್ತುವುದು ಸರಿ ಅಂತ ತೀರ್ಮಾನಿಸಿದೆ.

ಅಕ್ಕ ಕೆಲಸ ಮಾಡುವುದು ಪುಟ ವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿ. ಅದರ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ, ಆಮೇಲೆ ಅಡೋಬಿ ಅದನ್ನು ಮುಂದುವರಿಸಲಿಲ್ಲ. ಅವರ ಸಿಡಿ ಎಲ್ಲಿದೆಯೋ ಗೊತ್ತಿಲ್ಲ. ಹೊಸ ವಿಂಡೋಸಿನಲ್ಲಿ ಅದನ್ನು ಮತ್ತೆ ಕೂರಿಸುವ ದಾರಿಯೇ ಇರಲಿಲ್ಲ.

ಇನ್ನೊಂದು ಫಾಂಟು. ಈ ಫೈಲುಗಳ ಕನ್ನಡ ಯೂನಿಕೋಡ್ ಅಲ್ಲ, ನುಡಿ ಮತ್ತು ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆ ಫಾಂಟುಗಳು. ಅವುಗಳಲ್ಲಿ ಕಂಪ್ಯೂಟರಿನ ಮಟ್ಟಿಗೆ ಕನ್ನಡ ಅಕ್ಷರವೇ ಇಲ್ಲ. ಇಂಗ್ಲಿಷಿನ, ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿರುತ್ತಾರೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನುಡಿಯ ಫೈಲು ತೆರೆದರೆ "ನ" ಇದ್ದ ಕಡೆ ಪೌಂಡಿನ ಚಿಹ್ನೆ ಕಾಣುತ್ತದೆ, ಪಕ್ಕದಲ್ಲಿ ನೆತ್ತಿಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಎ. ಒಂದು ದೇವಸ್ಥಾನದ ಇಡೀ ಆಮಂತ್ರಣ ಹಾಗೆ ಕಂಡರೆ ಫೈಲು ಇದ್ದೂ ಇಲ್ಲದ ಹಾಗೆ. ಅದೂ ಅಲ್ಲದೆ ಒಂದೇ ಹೆಸರಿನ ಫಾಂಟಿನ ಎರಡು ಆವೃತ್ತಿಗಳ ನಡುವೆ ಅಕ್ಷರದ ಅಗಲ ಸ್ವಲ್ಪ ಬೇರೆ ಇದ್ದರೂ ಸಾಲುಗಳು ಮುರಿಯುವ ಜಾಗ ಬದಲಾಗುತ್ತದೆ. 120 ಪುಟದ ಸ್ಮರಣ ಸಂಚಿಕೆಯಲ್ಲಿ ಅದನ್ನು ಸರಿಮಾಡುವ ಕಷ್ಟ ಮಾಡಿದವರಿಗೇ ಗೊತ್ತು. ಫಾಂಟುಗಳು ಇರುವುದು ಸಿ ಡ್ರೈವಿನಲ್ಲಿ, ವಿಂಡೋಸ್ ಫೋಲ್ಡರಿನ ಒಳಗೆ. ಡಿ ಡ್ರೈವನ್ನು ಮಾತ್ರ ಎತ್ತಿಕೊಂಡು ಬಂದಿದ್ದರೆ ಅವು ಹಿಂದೆಯೇ ಉಳಿಯುತ್ತಿದ್ದವು.

ಮೂರನೆಯದು ಚಿತ್ರಗಳ ದಾರಿ. ಪೇಜ್‌ಮೇಕರ್ ದೊಡ್ಡ ಚಿತ್ರಗಳನ್ನು ಫೈಲಿನೊಳಗೆ ಇಟ್ಟುಕೊಳ್ಳದೆ, ಅವು ಎಲ್ಲಿವೆ ಎಂಬ ವಿಳಾಸವನ್ನು ಮಾತ್ರ ಬರೆದುಕೊಳ್ಳಬಲ್ಲದು. ವಿಳಾಸ ಶುರುವಾಗುವುದೇ "ಡಿ" ಎಂಬ ಅಕ್ಷರದಿಂದ. ಹೊಸ ಡಿಸ್ಕಿನಲ್ಲಿ ಆ ಭಾಗ "ಇ" ಅಂತ ಆದರೆ ಪ್ರತಿ ಫೈಲೂ ಚಿತ್ರ ಎಲ್ಲಿ ಎಂದು ಕೇಳುತ್ತಾ ಕೂರುತ್ತದೆ.

ಇವೆಲ್ಲವನ್ನೂ ಬಿಡಿಬಿಡಿಯಾಗಿ ಸರಿಮಾಡಬಹುದು, ಏನಾದರೂ ಒಂದು ಬಿಟ್ಟುಹೋಗುವುದೂ ಖಂಡಿತ. ಇಡೀ ಡಿಸ್ಕಿನ ಪ್ರತಿ ತೆಗೆದರೆ ಎಲ್ಲವೂ ಇದ್ದ ಹಾಗೆಯೇ ಬರುತ್ತವೆ.

ರಾತ್ರಿ, ಮಳೆ, ಯುಪಿಎಸ್

ಹಳೆ ಡಿಸ್ಕನ್ನು ಯುಎಸ್‌ಬಿ ಅಡಾಪ್ಟರಿಗೆ ಹಾಕದೆ ನನ್ನ ಲಿನಕ್ಸ್ ಕಂಪ್ಯೂಟರಿನ ಸಾಟಾ ಪೋರ್ಟಿಗೇ ಜೋಡಿಸಿದೆ. ಕೆಟ್ಟ ಸೆಕ್ಟರ್ ಬಂದಾಗ ಅಡಾಪ್ಟರುಗಳು ಸಂಪರ್ಕವನ್ನೇ ಕಳೆದುಕೊಳ್ಳುವುದು ಜಾಸ್ತಿ. ಡಿಸ್ಕಿನ ಕನೆಕ್ಟರಿನಲ್ಲಿ ಸ್ವಲ್ಪ ಹಸಿರು ಕಿಲುಬು ಇತ್ತು. ಕಡಲ ತೀರದ ಊರು, ಉಪ್ಪಿನ ಗಾಳಿ, ಅಂಗಡಿಗೆ ಎಸಿ ಇಲ್ಲ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಒಣಗಲು ಬಿಟ್ಟೆ.

ಕೆಲಸಕ್ಕೆ ಬಳಸಿದ್ದು ಡಿಡಿರೆಸ್ಕ್ಯೂ, ಆಂಟೋನಿಯೊ ಡಿಯಾಜ್ ಡಿಯಾಜ್ ಬರೆದ ಉಚಿತ ತಂತ್ರಾಂಶ. ಮಾಮೂಲಿ ಕಾಪಿ ಮೊದಲ ಫೈಲಿನಿಂದ ಶುರು ಮಾಡಿ, ಎಲ್ಲಿ ಓದಲಾಗದೋ ಅಲ್ಲೇ ಸಿಕ್ಕಿಬೀಳುತ್ತದೆ. ಸಿಕ್ಕಿಬಿದ್ದಷ್ಟು ಹೊತ್ತೂ ಡಿಸ್ಕು ಸವೆಯುತ್ತದೆ, ಚೆನ್ನಾಗಿರುವ ಉಳಿದ ಭಾಗ ಕಾಯುತ್ತಲೇ ಇರುತ್ತದೆ. ಡಿಡಿರೆಸ್ಕ್ಯೂ ಹಾಗಲ್ಲ. ಕಷ್ಟದ ಜಾಗ ಬಂದರೆ ದಾಟಿ ಮುಂದೆ ಹೋಗುತ್ತದೆ. ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಎತ್ತಿಕೊಂಡು, ಬಿಟ್ಟ ಜಾಗಕ್ಕೆ ಆಮೇಲೆ ಮರಳಿ ಬರುತ್ತದೆ. ಓದಿದ್ದು ಯಾವುದು, ಓದದ್ದು ಯಾವುದು ಅಂತ ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ನಡುವೆ ನಿಲ್ಲಿಸಿದರೂ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಮಳೆಗಾಲದ ಕರೆಂಟಿಗೆ ಇದು ಎಷ್ಟು ಮುಖ್ಯ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ? ಆದರೂ ಯುಪಿಎಸ್ ಇಲ್ಲದೆ ಇದನ್ನು ಮಾಡಬಾರದು. ಬಲಹೀನ ಡಿಸ್ಕು ಹಠಾತ್ತಾಗಿ ನಿಂತರೆ ಮತ್ತೆ ತಿರುಗುತ್ತದೆ ಅಂತ ಭರವಸೆ ಇಲ್ಲ.

ಪ್ರತಿಯನ್ನು ನೇರ ಎಸ್‌ಎಸ್‌ಡಿಗೆ ಬರೆಯದೆ ನನ್ನ 2 ಟಿಬಿ ಡಿಸ್ಕಿನಲ್ಲಿ ಒಂದೇ ದೊಡ್ಡ ಇಮೇಜ್ ಫೈಲಾಗಿ, ಅಂದರೆ ಇಡೀ ಡಿಸ್ಕಿನ ಪಡಿಯಚ್ಚಾಗಿ, ತೆಗೆದೆ. ಮುಂದಿನ ಪ್ರಯೋಗವೆಲ್ಲ ಆ ಇಮೇಜಿನ ಮೇಲೆ, ಹಳೆ ಡಿಸ್ಕು ಆಮೇಲೆ ಬೇಡ.

500 ಜಿಬಿ ಡಿಸ್ಕು ಆರೋಗ್ಯವಾಗಿದ್ದು ಸೆಕೆಂಡಿಗೆ 80 ಎಂಬಿ ವೇಗ ಕೊಟ್ಟರೆ ಎರಡು ಗಂಟೆಯೊಳಗೆ ಮುಗಿಯಬೇಕು. ಇದು ಶುರುವಿನಲ್ಲಿ ಅದೇ ವೇಗದಲ್ಲಿ ಓಡಿತು. ಆಮೇಲೆ ಒಂದು ಜಾಗದಲ್ಲಿ ಎಂಬಿಯಿಂದ ಕೆಬಿಗೆ ಇಳಿಯಿತು, ದಾಟಿತು, ಮತ್ತೆ ಏರಿತು. ಮೊದಲ ಸುತ್ತು ಮುಗಿಯುವಾಗ ನೂರಕ್ಕೆ 99ಕ್ಕಿಂತ ಜಾಸ್ತಿ ಬಂದಿತ್ತು. ಉಳಿದ ಚೂರುಗಳನ್ನು ಕೆರೆದು ತೆಗೆಯಲು ಬೆಳಗಿನವರೆಗೆ ಹಿಡಿಯಿತು. ಕೊನೆಗೂ ಓದಲಾಗದೆ ಉಳಿದದ್ದು ಕೆಲವೇ ಕಿಲೋಬೈಟ್.

ಕೆಲವೇ ಕಿಲೋಬೈಟ್ ಅಂದರೆ ಸಮಾಧಾನ ಪಡುವ ಹಾಗಿಲ್ಲ, ಅದು ಯಾವ ಫೈಲಿನ ಒಳಗಿದೆ ಅಂತ ತಿಳಿಯಬೇಕು. ಖಾಲಿ ಜಾಗದಲ್ಲಿದ್ದರೆ ಏನೂ ನಷ್ಟವಿಲ್ಲ. ಇದಕ್ಕೂ ಡಿಡಿರೆಸ್ಕ್ಯೂನಲ್ಲಿ ದಾರಿ ಇದೆ. ಓದಲಾಗದ ಜಾಗಗಳಿಗೆಲ್ಲ ನಾವು ಹೇಳಿದ ಒಂದು ಪದವನ್ನು ತುಂಬಿಸಬಹುದು. ಇಮೇಜಿನ ಇನ್ನೊಂದು ಪ್ರತಿ ಮಾಡಿ, ಅದರಲ್ಲಿ ಬೇರೆಲ್ಲೂ ಬರಲಾರದ ಒಂದು ಪದ ತುಂಬಿಸಿ, ಆಮೇಲೆ ಆ ಪದ ಯಾವ ಫೈಲಿನೊಳಗೆ ಇದೆ ಎಂದು ಹುಡುಕಿದೆ. ಮೂರು ಸಿಕ್ಕವು. ಒಂದು ವಿಂಡೋಸಿನ ತಾತ್ಕಾಲಿಕ ಫೈಲು, ಬೇಕಾಗಿಲ್ಲ. ಇನ್ನೊಂದು ಹಳೆಯ ಬಯಲಾಟದ ಕರಪತ್ರ. ಮತ್ತೊಂದು ಒಂದು ಸ್ಮರಣ ಸಂಚಿಕೆಯ ನಡುವಿನ ಪುಟಗಳು.

ಅಕ್ಕನಿಗೆ ಈ ಎರಡರ ಹೆಸರು ಬರೆದುಕೊಟ್ಟೆ. ಕರಪತ್ರದ ಅಚ್ಚಾದ ಪ್ರತಿ ಅವರ ಮಾದರಿ ಆಲ್ಬಮ್ಮಿನಲ್ಲೇ ಇತ್ತು, ನೋಡಿ ಟೈಪ್ ಮಾಡಿಕೊಂಡರು. ಸಂಚಿಕೆಯ ಪುಟಗಳನ್ನು ಪ್ರೆಸ್ಸಿಗೆ ಪಿಡಿಎಫ್ ಮಾಡಿ ಮಿಂಚಂಚೆಯಲ್ಲಿ ಕಳಿಸಿದ್ದರು. ತಿದ್ದಲು ಬರುವುದಿಲ್ಲ, ಆದರೆ ಬರಹ ಉಳಿಯಿತು. ಯಾವುದು ಹೋಗಿದೆ ಅಂತ ಇವತ್ತೇ ಗೊತ್ತಾದದ್ದರಿಂದ ಇಷ್ಟಾದರೂ ಆಯಿತು. ಎರಡು ವರ್ಷ ಬಿಟ್ಟು ಫೈಲು ತೆರೆಯುವಾಗ ಗೊತ್ತಾಗಿದ್ದರೆ ಆ ಆಲ್ಬಮ್ಮು, ಆ ಮೇಲು ಇರುತ್ತಿತ್ತೋ ಇಲ್ಲವೋ.

ಎರಡು ಅರ್ಧಗಳನ್ನು ಸೇರಿಸುವುದು

ಇಮೇಜನ್ನು ಎಸ್‌ಎಸ್‌ಡಿಗೆ ಬರೆದೆ. ಇಲ್ಲೊಂದು ಮಾತು. ಕ್ಲೋನ್ ಮಾಡುವಾಗ ಹೊಸ ಡಿಸ್ಕು ಹಳೆಯದಕ್ಕಿಂತ ಒಂದು ಸೆಕ್ಟರ್ ಕೂಡ ಚಿಕ್ಕದಿರಬಾರದು. 500 ಜಿಬಿ ಡಿಸ್ಕಿಗೆ ಬದಲಾಗಿ 480 ಜಿಬಿಯ ಎಸ್‌ಎಸ್‌ಡಿ ತಂದು, ಹತ್ತಿರ ಹತ್ತಿರ ಒಂದೇ ಅಲ್ವಾ ಎನ್ನುವವರು ತುಂಬ ಜನ. ಆಗುವುದಿಲ್ಲ. ಇಲ್ಲಿ 1 ಟಿಬಿ ಇದ್ದದ್ದರಿಂದ ಆ ತೊಂದರೆ ಬರಲಿಲ್ಲ. "1 ಟಿಬಿ ಅಂತ ದುಡ್ಡು ತಕ್ಕೊಂಡು 931 ಜಿಬಿ ಕೊಟ್ಟಿದ್ದಾರೆ" ಎಂದು ಹುಡುಗನಿಗೆ ಬೇಜಾರಿತ್ತು. ಯಾರೂ ಮೋಸ ಮಾಡಿಲ್ಲ. ತಯಾರಕರು 1000ದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ತೋರಿಸುತ್ತದೆ, ಅಷ್ಟೇ.

ಎಸ್‌ಎಸ್‌ಡಿಯನ್ನು ಅಕ್ಕನ ಕಂಪ್ಯೂಟರಿಗೆ ಹಾಕಿ ಆನ್ ಮಾಡುವಾಗ ಹಳೆ ಡಿಸ್ಕು ಹತ್ತಿರದಲ್ಲೂ ಇರದಂತೆ ನೋಡಿಕೊಂಡೆ. ಕ್ಲೋನಿಗೂ ಮೂಲಕ್ಕೂ ಡಿಸ್ಕಿನ ಗುರುತು ಸಂಖ್ಯೆ ಒಂದೇ. ಎರಡನ್ನೂ ಒಟ್ಟಿಗೆ ಕಂಡರೆ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ, ಅದನ್ನು ಆನ್‌ಲೈನ್ ಮಾಡಿದರೆ ಗುರುತು ಸಂಖ್ಯೆಯನ್ನೇ ಬದಲಿಸಿಬಿಡುತ್ತದೆ. ಡ್ರೈವಿನ ಅಕ್ಷರ ನೆನಪಿಟ್ಟುಕೊಳ್ಳುವುದೂ ಅದೇ ಗುರುತಿನಿಂದ. ಒಂಟಿಯಾಗಿ ಹಾಕಿದ್ದರಿಂದ ಸಿ ಸಿಯಾಗಿಯೇ, ಡಿ ಡಿಯಾಗಿಯೇ ಬಂದವು. ಆಮೇಲೆ ಉಳಿದ ಖಾಲಿ ಜಾಗವನ್ನು ಡಿಗೆ ಸೇರಿಸಿದೆ.

ಈಗ ಡಿ ಡ್ರೈವಿನಲ್ಲಿದ್ದದ್ದು ಕಟ್ ಆಗದೆ ಉಳಿದ ಅರ್ಧ. ಕಟ್ ಆಗಿ ಹೋದ ಅರ್ಧ ನನ್ನ 2 ಟಿಬಿಯಲ್ಲಿ. ಸೇರಿಸಲು ರೋಬೋಕಾಪಿ ಬಳಸಿದೆ, ವಿಂಡೋಸಿನ ಜೊತೆಗೇ ಬರುವ ಸಾಧನ. ಎರಡು ವಿಷಯ ನೋಡಿಕೊಳ್ಳಬೇಕು. ಒಂದು, ಅದು ಕಾಪಿ ಆಗದ ಫೈಲನ್ನು ನಾವು ಬೇರೆ ಹೇಳದಿದ್ದರೆ 10 ಲಕ್ಷ ಸಲ ಪ್ರಯತ್ನಿಸುತ್ತದೆ, ಪ್ರತಿ ಸಲಕ್ಕೆ 30 ಸೆಕೆಂಡು ಕಾಯುತ್ತದೆ. ಲೆಕ್ಕ ಹಾಕಿದರೆ ಒಂದು ಕೆಟ್ಟ ಫೈಲಿಗೆ ಹನ್ನೊಂದು ತಿಂಗಳ ಮೇಲಾಯಿತು. ಆ ಸಂಖ್ಯೆಯನ್ನು ಒಂದಕ್ಕೆ ಇಳಿಸಬೇಕು. ಇನ್ನೊಂದು, ಈಗಾಗಲೇ ಅಲ್ಲಿರುವ ಫೈಲಿನ ಮೇಲೆ ಬರೆಯಬೇಡ ಎಂದು ಹೇಳಬೇಕು. ಫೈಲು ಎರಡೂ ಕಡೆ ಇದ್ದರೆ ಯಾವುದು ಸರಿ ಎಂದು ಮನುಷ್ಯನೇ ನೋಡಬೇಕು.

ಹಾಗೆ ಎರಡೂ ಕಡೆ ಇದ್ದ ಫೈಲು ಒಂದೇ. ಒಂದು ಸಂಚಿಕೆಯ ಮುಖಪುಟಕ್ಕೆ ತೆಗೆದ ದೇವಸ್ಥಾನದ ದೊಡ್ಡ ಚಿತ್ರ. ಕಂಪ್ಯೂಟರ್ ನಿಂತಾಗ ದಾಟುತ್ತಿದ್ದದ್ದು ಇದೇ. ಗಾತ್ರ ಎರಡೂ ಕಡೆ ಬೈಟಿಗೆ ಬೈಟ್ ಸಮ. ಹ್ಯಾಶ್ ಮಾತ್ರ ಬೇರೆ. ಎಸ್‌ಎಸ್‌ಡಿಯ ಕಡೆಯಿಂದ ಬಂದ ಪ್ರತಿ ತೆರೆದೆ. ಮೇಲೆ ಮಾಡು, ಮುಗುಳಿ, ಕೊಡಿಮರದ ತುದಿ ಸ್ಪಷ್ಟವಾಗಿದೆ. ಅರ್ಧದಿಂದ ಕೆಳಗೆ ಬರೀ ಬಿಳಿ. ವಿಂಡೋಸ್ ಕಾಪಿ ಶುರು ಮಾಡುವಾಗಲೇ ಪೂರ್ತಿ ಗಾತ್ರದ ಜಾಗ ಹಿಡಿದಿಟ್ಟುಕೊಳ್ಳುತ್ತದೆ, ಆಮೇಲೆ ತುಂಬುತ್ತಾ ಬರುತ್ತದೆ. ನಡುವೆ ಕರೆಂಟು ತೆಗೆದರೆ ಉಳಿದದ್ದೆಲ್ಲ ಸೊನ್ನೆ. ಅಚ್ಚಿಗೆ ಮಾಡಿದ ನಾಲ್ಕು ಬಣ್ಣದ ಚಿತ್ರದಲ್ಲಿ ಸೊನ್ನೆ ಎಂದರೆ ಶಾಯಿ ಇಲ್ಲ, ಹಾಗಾಗಿ ಬಿಳಿ. ಗಾತ್ರ ನೋಡಿ ಒಪ್ಪಿಕೊಳ್ಳಬಾರದು ಎಂದದ್ದು ಇದಕ್ಕೇ. ಹಳೆ ಡಿಸ್ಕಿನಿಂದ ಬಂದ ಪ್ರತಿ ಪೂರ್ತಿ ಸರಿ ಇತ್ತು, ಅದನ್ನೇ ಉಳಿಸಿದೆ.

ಆಮೇಲಿನ ಪರೀಕ್ಷೆ ಅಕ್ಕನದು. ಪ್ರತಿ ವರ್ಷದ ಫೋಲ್ಡರಿನಿಂದ ಅವರೇ ಆರಿಸಿದ ಫೈಲುಗಳನ್ನು ತೆರೆದರು, ಚಿತ್ರ ಬಂದಿದೆಯಾ ನೋಡಿದರು, ಪ್ರಿಂಟ್ ತೆಗೆದರು, ಗೋಡೆಯ ಮಾದರಿಯ ಪಕ್ಕ ಹಿಡಿದು ಸಾಲುಗಳನ್ನು ಹೋಲಿಸಿದರು. ಒತ್ತಕ್ಷರ ಎಲ್ಲಾದರೂ ಜಾರಿದ್ದರೆ ನನಗಿಂತ ಮೊದಲು ಅವರಿಗೆ ಕಾಣುತ್ತದೆ. ಈ ಕೆಲಸವನ್ನು ರಿಪೇರಿಯವರು ಮಾಡಿ ಎಲ್ಲ ಸರಿ ಇದೆ ಎಂದು ಹೇಳುವುದರಲ್ಲಿ ಅರ್ಥವಿಲ್ಲ. ನಮಗೆ ಫೈಲು ತೆರೆದದ್ದು ಮಾತ್ರ ಗೊತ್ತು, ಅದು ಹೇಗಿರಬೇಕಿತ್ತು ಎಂದು ಮಾಡಿದವರಿಗೆ ಮಾತ್ರ ಗೊತ್ತು. ಅಷ್ಟಮಿ, ವಿಟ್ಲಪಿಂಡಿಯ ಕರಪತ್ರಗಳ ಕೆಲಸ ಬಂದಾಗ ಹಿಂದಿನ ವರ್ಷದ ಫೈಲುಗಳನ್ನೇ ತೆರೆದು ತಾರೀಕು ಬದಲಿಸಿ ಕೊಟ್ಟರು. ಆಗ ನಾನು ಈ ಕೆಲಸ ಮುಗಿಯಿತು ಎಂದು ಬರೆದುಕೊಂಡೆ.

ಈಗ ಅಲ್ಲಿ ಹೇಗಿದೆ

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2020ರ ಜನವರಿ 14ಕ್ಕೆ ನಿಂತಿದೆ. ಹಾಗಾಗಿ ಆ ಕಂಪ್ಯೂಟರಿನ ಇಂಟರ್‌ನೆಟ್ ತೆಗೆಸಿದೆ. ಮೇಲು, ವಾಟ್ಸಾಪು ಎಲ್ಲ ಬೇರೆ ಲ್ಯಾಪ್‌ಟಾಪಿನಲ್ಲಿ.

ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕು ತರಿಸಿದೆ. ಒಂದು ಅಂಗಡಿಯಲ್ಲಿ, ಇನ್ನೊಂದು ಅವರ ಮನೆಯಲ್ಲಿ, ವಾರಕ್ಕೊಮ್ಮೆ ಅದಲುಬದಲು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ ಎಂಬ ಲೆಕ್ಕವನ್ನು ಜನಪ್ರಿಯ ಮಾಡಿದವರು ಅಮೆರಿಕದ ಫೋಟೋಗ್ರಾಫರ್ ಪೀಟರ್ ಕ್ರೋ. ಉಡುಪಿಯ ಡಿಟಿಪಿ ಅಂಗಡಿಗೂ ಅದು ಸರಿಯಾಗಿ ಹೊಂದುತ್ತದೆ. ಸಂಜೆ ಬಾಗಿಲು ಹಾಕುವ ಮೊದಲು ಡೆಸ್ಕ್‌ಟಾಪಿನ ಒಂದು ಐಕಾನಿಗೆ ಎರಡು ಸಲ ಒತ್ತಿದರೆ ಆ ದಿನ ಬದಲಾದ ಫೈಲುಗಳು ಮಾತ್ರ ಕಾಪಿ ಆಗುತ್ತವೆ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಸುವ ಮಿರರ್ ಆಯ್ಕೆಯನ್ನು ಬೇಕೆಂದೇ ಹಾಕಿಲ್ಲ. ಕಾಪಿ ಮುಗಿದ ಕೂಡಲೇ ಡಿಸ್ಕನ್ನು ಕಳಚಿ, ಸಿಲಿಕಾ ಜೆಲ್ ಹಾಕಿದ ಸ್ಟೀಲ್ ಡಬ್ಬಿಯಲ್ಲಿ ಇಡಬೇಕು. ಮಳೆಗಾಲದ ತೇವಕ್ಕೆ ಅದು ಬೇಕು. ಕಳಚಿಡುವುದು ಮೇ ತಿಂಗಳಿನ, ಅಕ್ಟೋಬರಿನ ಸಿಡಿಲಿಗೆ. ಜೋಡಿಸಿಯೇ ಇಟ್ಟ ಬ್ಯಾಕಪ್ಪು ಸಿಡಿಲು ಬಂದಾಗ ಕಂಪ್ಯೂಟರಿನ ಜೊತೆಗೇ ಹೋಗಬಹುದು.

ಇನ್ನೊಂದು ವಿಷಯಕ್ಕೆ ಅಕ್ಕ ತಾವಾಗಿಯೇ ಬಂದರು. ಡೌನ್‌ಲೋಡ್ ಫೋಲ್ಡರಿನಲ್ಲಿ ಊರವರ ಆಧಾರ್ ಕಾರ್ಡು, ಪಾನ್ ಕಾರ್ಡು, ಪಾಸ್‌ಬುಕ್ಕಿನ ಮೊದಲ ಪುಟ ರಾಶಿ ಬಿದ್ದಿದ್ದವು. ಪ್ರಿಂಟಿಗೆ ಅಂತ ಕಳಿಸಿದ್ದು, ಅಲ್ಲೇ ಉಳಿದದ್ದು. "ಇದು ನನ್ನ ಹತ್ರ ಯಾಕೆ ಇರ್ಬೇಕು? ತೆಗೀರಿ" ಅಂದರು. ಒಟ್ಟಿಗೆ ಕೂತು ನೋಡಿ ಅಳಿಸಿದೆವು. ಎಸ್‌ಎಸ್‌ಡಿಯಲ್ಲಿ ಅಳಿಸಿದ ಫೈಲಿನ ಜಾಗವನ್ನು ಖಾಲಿ ಮಾಡಿಸುವ ಟ್ರಿಮ್ ಎಂಬ ವ್ಯವಸ್ಥೆ ಇರುವುದರಿಂದ ಹಾಗೆ ಅಳಿಸಿದ್ದನ್ನು ಮರಳಿ ಪಡೆಯುವುದು ಬಹಳ ಕಷ್ಟ. ಈ ಕೆಲಸಕ್ಕೆ ಅದು ಒಳ್ಳೆಯದು. ಬೇಕಾದ ಫೈಲು ಕೈತಪ್ಪಿ ಅಳಿಸಿದರೂ ಅಷ್ಟೇ ಕಷ್ಟ ಅಂತ ಆಗಲೇ ಹೇಳಿಟ್ಟೆ. ಅವರ ಒಪ್ಪಿಗೆ ಸಿಕ್ಕ ಮೇಲೆ ನನ್ನ 2 ಟಿಬಿಯಲ್ಲಿದ್ದ ಇಮೇಜುಗಳನ್ನೂ ಅಳಿಸಿ, ಡಿಸ್ಕನ್ನು ಪೂರ್ತಿ ಸೊನ್ನೆಯಿಂದ ತುಂಬಿದೆ.

ಹಳೆ ಡಿಸ್ಕು ಮಾತ್ರ ಹೆಸರು, ತಾರೀಕು ಬರೆದ ಕವರಿನಲ್ಲಿ ಅಂಗಡಿಯ ಕಪಾಟಿನಲ್ಲಿದೆ. ಒಂದು ಪೂರ್ತಿ ಸೀಸನ್, ದೀಪಾವಳಿಯಿಂದ ಮುಂದಿನ ಪತ್ತನಾಜೆಯವರೆಗೆ, ಅದನ್ನು ಎಸೆಯುವುದು ಬೇಡ ಎಂದಿದ್ದೇನೆ. ಬಿಟ್ಟುಹೋದ ಫೈಲು ಯಾವುದಾದರೂ ಇದ್ದರೆ ಅಷ್ಟರೊಳಗೆ ಯಾರಾದರೂ ಕೇಳಿಕೊಂಡು ಬರುತ್ತಾರೆ. ಆಮೇಲೆ ಅದನ್ನು ಗುಜರಿಗೆ ಕೊಡುವಂತಿಲ್ಲ. ಡಿಸ್ಕನ್ನು ಸೊನ್ನೆಯಿಂದ ತುಂಬಿದರೂ ಬದಲಿ ಜಾಗ ಕೊಟ್ಟ ಹಳೆ ಸೆಕ್ಟರುಗಳ ಮೇಲೆ ಏನೂ ಬರೆಯಲಾಗುವುದಿಲ್ಲ, ಊರವರ ಕಾಗದಪತ್ರದ ಚೂರು ಅಲ್ಲಿ ಉಳಿದಿರಬಹುದು. ತಟ್ಟೆಗಳಿಗೆ ಡ್ರಿಲ್ಲಿನಲ್ಲಿ ತೂತು ಹಾಕಿ, ನೋಂದಾಯಿತ ಇ-ತ್ಯಾಜ್ಯ ಸಂಗ್ರಾಹಕರಿಗೆ ನಾನೇ ಒಪ್ಪಿಸುವುದೆಂದು ಮಾತಾಗಿದೆ.